ಹನ್ನೊಂದು ಕೊಡ ಹಳೇ ನೀರು

ನಾನು ಹುಟ್ಟಿದ್ದು ಜಗಳೂರಿನಲ್ಲಿ. ಹೀಗೆಂದ ಕೂಡಲೇ ಹೊನ್ನಾಳಿ ಕಡೆಯವರು ಒಂದು ಸಲ ನಕ್ಕು, “ಹೆಸರಾಗೇ ಜಗಳ ಐತಲ್ಲ” ಅನ್ನುತ್ತಾರೆ. ಮದುವೆಯಾಗಿ ಬಂದಾಗಿನಿಂದ ಇದನ್ನು ಕೇಳುತ್ತಲೇ ಇದ್ದೇನೆ. ಹೇಳುವ ಪ್ರತಿಯೊಬ್ಬರಿಗೂ ಈ ಮಾತನ್ನು ತಾವೇ ಮೊದಲು ಕಂಡುಹಿಡಿದೆವು ಎಂಬ ಸಂಭ್ರಮ ಬೇರೆ. ನಿಜ ಹೇಳಬೇಕೆಂದರೆ ನಮ್ಮೂರಿನಲ್ಲಿ ಆಗ ಜಗಳ ಆಗುತ್ತಿದ್ದದ್ದು ಒಂದೇ ಒಂದು ಕಾರಣಕ್ಕೆ, ಅದು ನೀರು.

ನಮ್ಮ ತವರಿನಲ್ಲಿ ಒಂದು ಚೊಂಬು ನೀರು ಮೂರು ಕೆಲಸ ಮಾಡದೆ ಹೊಸ್ತಿಲು ದಾಟುತ್ತಿರಲಿಲ್ಲ. ಬೇಳೆ ತೊಳೆದ ನೀರು ಎಮ್ಮೆ ಕುಡಿಯುವ ಬಾನಿಗೆ, ಮುಖ ತೊಳೆದ ನೀರು ಕನಕಾಂಬರದ ಬುಡಕ್ಕೆ, ಸ್ನಾನದ ನೀರು ಕರಿಬೇವಿನ ಪಾತಿಗೆ. ಇದೆಲ್ಲ ಅಜ್ಜಿಯ ಕಾನೂನು. ಅಡುಗೆಮನೆಯ ಗೋಡೆಗುಂಟ ಕೊಡಗಳನ್ನು ಸಾಲಾಗಿ ಇಟ್ಟು, ಮೇಲೆ ಬಿಳಿ ಬಟ್ಟೆ ಕಟ್ಟಿ, ಸಂಜೆ ಒಂದೊಂದನ್ನೂ ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಿದ್ದಳು. ಯಾವುದಾದರೂ ಕೊಡ ‘ಠಣ್’ ಎಂದರೆ ಅದು ಖಾಲಿ ಎಂದರ್ಥ, ಆವತ್ತು ನಮಗೆ ಊಟಕ್ಕಿಂತ ಮೊದಲು ಬೈಗುಳ. “ಬೆಂಕಿ ಬಿದ್ದಾಗ ಬಾವಿ ತೋಡಬಾರ್ದು ಕಣ್ರೇ” ಎನ್ನುವುದು ಅವಳ ಮಂತ್ರ. ಸಾವಿನ ಸುದ್ದಿ ಬರಲಿ, ನೆಂಟರ ಸುದ್ದಿ ಬರಲಿ, ಮಳೆ ಹೋಯಿತೆಂಬ ಸುದ್ದಿ ಬರಲಿ, ನಮ್ಮ ಮನೆಯ ಹೆಂಗಸರು ಮೊದಲು ಮಾಡುತ್ತಿದ್ದ ಕೆಲಸ ಕೊಡ ಎತ್ತಿಕೊಂಡು ಬಾವಿಗೆ ಓಡುವುದು. ಅಳುವುದು, ಅಡುಗೆ ಮಾಡುವುದು ಎಲ್ಲ ಆಮೇಲೆ.

ಎಪ್ಪತ್ತರ ದಶಕದ ಕೊನೆಯಲ್ಲಿ ಚನ್ನಗಿರಿಯ ನಮ್ಮ ದೊಡ್ಡಮ್ಮ ನನಗೊಂದು ಸಂಬಂಧ ತಂದಳು. ಹುಡುಗ ನ್ಯಾಮತಿಯ ಒಂದು ಮಂಡಿಯಲ್ಲಿ ಗುಮಾಸ್ತ, ಮನೆ ಹೊನ್ನಾಳಿಯಲ್ಲಿ. ಮನೆಯಲ್ಲಿ ತಾಯಿ ಮಗ ಇಬ್ಬರೇ. ಹುಡುಗನ ಸಂಬಳ, ಗುಣ, ಕುಲ ಎಲ್ಲವನ್ನೂ ಎರಡು ಮಾತಿನಲ್ಲಿ ಮುಗಿಸಿದ ದೊಡ್ಡಮ್ಮ, ಉಳಿದ ಹೊತ್ತೆಲ್ಲ ತುಂಗಭದ್ರೆಯನ್ನೇ ವರ್ಣಿಸಿದಳು. “ಮನೆಯಿಂದ ಹೊಳೆ ಎಂಟು ಮನೆ ದೂರ ಕಣೇ. ನಿನ್ನ ಮಗಳು ಜನ್ಮದಾಗೆ ನೀರಿಗೆ ಅಳಲ್ಲ ಬಿಡು” ಎಂದು ಅವ್ವನಿಗೆ ಹೇಳಿದಳು. ಅವ್ವ ಅಷ್ಟಕ್ಕೇ ಒಪ್ಪಿದಳು. ಹುಡುಗನ ಮುಖವನ್ನು ಯಾರೂ ಸರಿಯಾಗಿ ನೋಡಿರಲಿಲ್ಲ ಅಂತ ನನ್ನ ಅನುಮಾನ. ತವರಿನವರು ಕೊಟ್ಟ ಬಳುವಳಿಯಲ್ಲಿ ಸೀರೆಗಿಂತ ಹಿತ್ತಾಳೆ ಕೊಡಗಳೇ ಹೆಚ್ಚು, ಒಟ್ಟು ಆರು.

ಹೊನ್ನಾಳಿಗೆ ಬಂದ ಮೊದಲ ಬೆಳಿಗ್ಗೆ ನಾನು ಎದ್ದು ಹೊರಗೆ ಬಂದಾಗ ಅತ್ತೆ ಅಂಗಳದಲ್ಲಿ ನಿಂತು, ಹಿಂದಿನ ದಿನದ ನೀರಿದ್ದ ನಾಲ್ಕು ಕೊಡಗಳನ್ನು ಒಂದಾದ ಮೇಲೊಂದು ಮಗುಚುತ್ತಿದ್ದರು. ತಿಳಿಯಾದ ಕುಡಿಯುವ ನೀರು. ಅದು ಅಂಗಳದಿಂದ ಬೀದಿಗೆ, ಬೀದಿಯಿಂದ ಮೋರಿಗೆ ಹರಿದುಹೋಯಿತು. ನನ್ನ ಬಾಯಿಂದ “ಅಯ್ಯೋ” ಎಂದು ಬಂದುಬಿಟ್ಟಿತು.

“ಏನಾತವ್ವ? ಚೇಳು ಕಡೀತಾ?” ಅಂದರು ಅತ್ತೆ.

“ಇಲ್ಲತ್ತೆಮ್ಮ, ನೀರು...”

“ನಿನ್ನೇದು ಅದು, ಹಳೇ ನೀರು. ದೇವ್ರಿಗೂ ಬ್ಯಾಡ, ದನಕ್ಕೂ ಬ್ಯಾಡ. ಹೊಳೆ ದಂಡ್ಯಾಗೆ ಇದ್ಕೊಂಡು ಹಳೇ ನೀರು ಕುಡಿದ್ರೆ ನೋಡಿದೋರು ಉಗೀತಾರೆ.”

ದಿನಾ ಬೆಳಿಗ್ಗೆ ಹಳೇ ನೀರು ಚೆಲ್ಲಿ ಹೊಸ ನೀರು ತರುವುದು ಆ ಓಣಿಯ ಪದ್ಧತಿ. ಹಬ್ಬದ ದಿನವೂ ತಪ್ಪುವಂತಿರಲಿಲ್ಲ. ನಾನು ಒಂದು ವಾರ ಸಹಿಸಿದೆ. ಎಂಟನೆಯ ದಿನದಿಂದ ಕಳ್ಳತನಕ್ಕೆ ಇಳಿದೆ. “ನಾನು ಚೆಲ್ಲಿ ಬರ್ತೀನಿ ಬಿಡ್ರಿ ಅತ್ತೆಮ್ಮ” ಎಂದು ಹಳೇ ನೀರಿನ ಕೊಡಗಳನ್ನು ಹಿತ್ತಿಲಿಗೆ ಒಯ್ದು, ಕೊಟ್ಟಿಗೆಯ ಹಿಂದಿದ್ದ ನನ್ನ ಬಳುವಳಿಯ ಆರು ಕೊಡಗಳಿಗೂ ಮೂಲೆಯಲ್ಲಿದ್ದ ಐದು ಮಣ್ಣಿನ ಕೊಡಗಳಿಗೂ ಸರದಿಯಂತೆ ತುಂಬಿಸಿ, ಅವುಗಳಲ್ಲಿದ್ದ ಇನ್ನೂ ಹಳೆಯ ನೀರನ್ನು ನುಗ್ಗೆ ಗಿಡಕ್ಕೆ ಹಾಕುತ್ತಿದ್ದೆ. ಸೊಸೆ ಚುರುಕು ಎಂದು ಅತ್ತೆ ಓಣಿಯಲ್ಲೆಲ್ಲ ಹೊಗಳಿದರು. ನುಗ್ಗೆ ಆ ವರ್ಷ ಕಾಯಿ ಬಿಟ್ಟ ರೀತಿ ನೋಡಿ ದೃಷ್ಟಿಯನ್ನೂ ತೆಗೆದರು.

ಸಿಕ್ಕಿಬಿದ್ದದ್ದು ಕಲಾಯಿ ಹಾಕುವ ಸಾಬರಿಂದ. ಪಾತ್ರೆಗಳಿಗೆ ಕಲಾಯಿ ಹಾಕಿಸೋಣವೆಂದು ಅತ್ತೆ ಅವರನ್ನು ಹಿತ್ತಿಲಿಗೆ ಕರೆತಂದು, ಸೊಸೆಯ ಬಳುವಳಿ ಕೊಡಗಳನ್ನೂ ನೋಡಲಿ ಎಂದು ಹೆಮ್ಮೆಯಿಂದ ತೋರಿಸಿದರು. ಸಾಬರು ಒಂದು ಕೊಡ ಎತ್ತಿದರು, ಅದರ ತುಂಬ ನೀರು. ಎರಡನೆಯದು ಎತ್ತಿದರು, ಅದೂ ನೀರು. ಹನ್ನೊಂದನ್ನೂ ಇಣುಕಿ ನೋಡಿ, “ಅಮ್ಮಾರೆ, ಇದು ಹಿತ್ಲೋ ಕೆರೆಯೋ?” ಎಂದು ಕೇಳಿದರು.

ಆವತ್ತು ಅತ್ತೆ ಎದುರಿಗೆ ನಿಂತು ಹನ್ನೊಂದೂ ಕೊಡ ಚೆಲ್ಲಿಸಿದರು. ನಮ್ಮ ಮನೆಯವರು ಸಂಜೆ ನ್ಯಾಮತಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಅತ್ತೆ ತೀರ್ಪೂ ಕೊಟ್ಟರು. “ಇನ್ನೇನು ಆಷಾಢ ಬಂತು. ಅವಳ ಅಣ್ಣ ಕರೆಯಾಕೆ ಬರ್ತಾನೆ, ಕಳಿಸು. ಅಷ್ಟ್ರಾಗೆ ಇನ್ನೊಂದು ಸಲ ಈ ಮನ್ಯಾಗೆ ಹಳೇ ನೀರು ಕಂಡ್ರೆ, ಹೋದೋಳು ಅಲ್ಲೇ ಇರ್ಲಿ. ನೀರು ಕೂಡಿಟ್ಕೊಂಡು ಅಲ್ಲೇ ಕುಂತ್ಕೊಳ್ಲಿ. ನಾನಂತೂ ವಾಪಸ್ ಕರೆಸಲ್ಲ.”

ಹೊಸ ಸೊಸೆ ಮೊದಲ ಆಷಾಢಕ್ಕೆ ತವರಿಗೆ ಹೋಗುವುದು ವಾಡಿಕೆ. ಆದರೆ ಶ್ರಾವಣಕ್ಕೆ ಕರೆಯಲು ಯಾರೂ ಬರದಿದ್ದರೆ ಅದು ವಾಡಿಕೆಯಲ್ಲ, ಮಾನ ಹೋಗುವ ವಿಷಯ. ನಮ್ಮ ಮನೆಯವರು ತಲೆ ತಗ್ಗಿಸಿ ಚಪ್ಪಲಿಯನ್ನೇ ನೋಡುತ್ತಿದ್ದರು. ತಾಯಿಯ ಮಾತಿಗೆ ಎದುರಾಡುವುದನ್ನು ಅವರಿಗೆ ಯಾವ ಮಂಡಿಯಲ್ಲೂ ಕಲಿಸಿರಲಿಲ್ಲ. ನನಗೆ ನಿಜವಾಗಿಯೂ ಹೆದರಿಕೆಯಾಯಿತು. ಆ ಮನುಷ್ಯ ನನಗೆ ಅಷ್ಟರಲ್ಲಿ ಇಷ್ಟವಾಗಿಬಿಟ್ಟಿದ್ದರು. ಆ ಊರೂ ಇಷ್ಟವಾಗಿತ್ತು.

ಆಷಾಢಕ್ಕೆ ಹದಿನೈದಿಪ್ಪತ್ತು ದಿನ ಇರುವಾಗ ಬೀದಿಯಲ್ಲಿ ತಮಟೆ ಕೇಳಿಸಿತು. ತಾಲ್ಲೂಕು ಕಚೇರಿಗೆ ಹೊಸದಾಗಿ ಬಂದಿದ್ದ ಸಾಹೇಬರು ಕರಾವಳಿ ಕಡೆಯವರು, ಬಹಳ ಶಿಸ್ತಿನ ಮನುಷ್ಯ. ಹೊಳೆ ದಂಡೆಯ ಜನ ಮುಂಚಿತವಾಗಿ ತಯಾರಾಗಿರಬೇಕೆಂದು ತಾವೇ ಒಂದು ಪ್ರಕಟಣೆ ಬರೆದು, ಡಂಗುರದವನಿಗೆ ಬಾಯಿಪಾಠ ಮಾಡಿಸಿದ್ದರಂತೆ. ಅವನು ಅದನ್ನು ಅಕ್ಷರ ತಪ್ಪದೆ ಕೂಗಿದ.

“ಕೇಳ್ರಪ್ಪೋ ಕೇಳ್ರಿ! ನೆರೆ ಬರುವ ಸಂಭವವಿದೆ. ನೆರೆ ಮನೆಯೊಳಗೆ ನುಗ್ಗಿದರೆ ಯಾರೂ ಧೈರ್ಯಗೆಡಬಾರದು. ಬೆಲೆಬಾಳುವ ಸಾಮಾನುಗಳನ್ನು ಅಟ್ಟದ ಮೇಲೆ ಇಡಬೇಕು. ಮಕ್ಕಳು ಮುದುಕರನ್ನು ಕರೆದುಕೊಂಡು ದಿಬ್ಬದ ಶಾಲೆಗೆ ಹೋಗಬೇಕು. ನೆರೆ ಇಳಿಯುವ ತನಕ ಮನೆಗೆ ಮರಳಬಾರದು!”

ಸಾಹೇಬರ ಊರಿನಲ್ಲಿ ಹೊಳೆ ಉಕ್ಕಿದರೆ ನೆರೆ ಎನ್ನುತ್ತಾರೆ. ನಮ್ಮ ಓಣಿಯಲ್ಲಿ ಹೊಳೆ ಉಕ್ಕಿದರೆ “ಹೊಳೆ ಬಂತು” ಅನ್ನುತ್ತಿದ್ದರು, ಅಷ್ಟೇ. ನೆರೆ ಎಂದರೆ ನೆರೆಹೊರೆ, ಪಕ್ಕದ ಮನೆ. ನಮ್ಮ ಪಕ್ಕದ ಮನೆಯಲ್ಲಿ ಅತ್ತೆಯ ವಯಸ್ಸಿನ ಒಬ್ಬ ಹೆಂಗಸಿದ್ದಳು. ನಮ್ಮ ಮನೆಯಿಂದ ಎರವಲು ಪಡೆದ ಶಾವಿಗೆ ಮಣೆಯನ್ನು ಕಾಲು ಮುರಿದು ಹಿಂದಿರುಗಿಸಿದಳೆಂದು ಅತ್ತೆ, ಮುರಿದ ಮಣೆಯನ್ನೇ ಕೊಟ್ಟರೆಂದು ಅವಳು. ಇಬ್ಬರೂ ಮಾತು ಬಿಟ್ಟು ಏಳು ವರ್ಷವಾಗಿತ್ತು.

ಅತ್ತೆ ಡಂಗುರ ಪೂರ್ತಿ ಕೇಳಿ ಕೆಂಡವಾದರು.

“ಆಕೆ ನುಗ್ಗಿದ್ರೆ ನಾವ್ಯಾಕೆ ಮನೆ ಬಿಟ್ಟು ಸಾಲಿಗೆ ಹೋಗ್ಬೇಕು? ಸರ್ಕಾರಕ್ಕೂ ಗೊತ್ತಾಗೈತೆ ನೋಡು ಆಕೆ ಬುದ್ಧಿ!”

ನಾನು ಏಳನೇ ತರಗತಿಯವರೆಗೆ ಓದಿದ್ದೆ. ಪಾಠದಲ್ಲಿ ಆ ಶಬ್ದ ಬಂದಿತ್ತು. “ಅತ್ತೆಮ್ಮ, ನೆರೆ ಅಂದ್ರೆ ಪಕ್ಕದ ಮನೆಯೋರಲ್ರಿ, ಹೊಳೆ ತುಂಬಿ ಬರಾದು” ಅಂದೆ.

ಅತ್ತೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಜಗಳೂರಿನೋಳು ನೀನು. ಹೊಳೆ ಬಗ್ಗೆ ನನಗೆ ಹೇಳಾಕೆ ಬರ್ತೀಯಾ?”

ಮಧ್ಯಾಹ್ನದೊಳಗೆ ಬೆಳ್ಳಿ ಲೋಟ, ರೇಷ್ಮೆ ಸೀರೆಯ ಟ್ರಂಕು, ಜೋಳದ ಚೀಲ, ಮನೆಯ ಕಾಗದಪತ್ರ, ಕೊನೆಗೆ ಆ ಕಾಲು ಮುರಿದ ಶಾವಿಗೆ ಮಣೆಯೂ ಅಟ್ಟ ಸೇರಿದವು. ಗೋಡೆಯಾಚೆಯಿಂದಲೂ ದಡಬಡ ಸದ್ದು ಕೇಳುತ್ತಿತ್ತು. ಅಲ್ಲಿ ಅವಳೂ ಡಂಗುರ ಕೇಳಿದ್ದಳು. ಅವಳಿಗೂ ನೆರೆ ಎಂದರೆ ಯಾರೆಂದು ಚೆನ್ನಾಗಿ ಗೊತ್ತಿತ್ತು.

ಸಂಜೆ ನಮ್ಮ ಮನೆಯವರು ಬಂದು ನಕ್ಕು ನಕ್ಕು ಅರ್ಥ ಬಿಡಿಸಿ ಹೇಳಿದರು. ಮೇಲೆ ಘಟ್ಟದಲ್ಲಿ ಮಳೆ ಹೊಡೆಯುತ್ತಿದೆ, ಡ್ಯಾಮಿನಿಂದ ನೀರು ಬಿಡುತ್ತಾರಂತೆ ಎಂದು ನ್ಯಾಮತಿಯ ಬಸ್‌ಸ್ಟ್ಯಾಂಡಿನಲ್ಲೇ ಸುದ್ದಿಯಂತೆ. ಅತ್ತೆಗೆ ನಾಚಿಕೆಯಾಯಿತು. ಆದರೆ ಅದನ್ನು ಸಿಟ್ಟು ಮಾಡಿ ತೋರಿಸಿದರು. “ಹೊಳೆ ಬರ್ತೈತೆ ಅಂತ ಹೇಳಾಕೆ ಆ ಸಾಹೇಬ್ರಿಗೆ ಏನಾಗಿತ್ತು?” ಅಟ್ಟದ ಸಾಮಾನು ಇಳಿಸಲಾ ಎಂದು ನಮ್ಮ ಮನೆಯವರು ಕೇಳಿದರೆ, “ಇರ್ಲಿ ಬಿಡು. ಹೊಳೆ ಬರದಿದ್ರೆ ಆಕೆಯಾದ್ರೂ ಬಂದಾಳು” ಅಂದರು.

ಹೊಳೆಯ ವಿಷಯಕ್ಕೆ ಅವರು ಸ್ವಲ್ಪವೂ ಹೆದರಲಿಲ್ಲ. ದಂಡೆಯ ಮೆಟ್ಟಿಲ ಮೇಲೊಂದು ಕಲ್ಲಿನ ಬಸವಣ್ಣ ಇದ್ದ. ಹೊಳೆ ಅವನ ಗೊರಸು ಮುಟ್ಟಿದರೆ ದನ ಬಿಚ್ಚು, ಕೊರಳ ಗಂಟೆ ಮುಟ್ಟಿದರೆ ಮನೆ ಬಿಡು. ಓಣಿಯವರ ಲೆಕ್ಕಾಚಾರ ಅಷ್ಟೇ. ಸಾಹೇಬರು ಹೇಳಿದ್ದಾರೆಂದು ಅದಕ್ಕೂ ಮೊದಲು ಓಡುವುದು ಅತ್ತೆಗೆ ಒಪ್ಪಿಗೆಯಿರಲಿಲ್ಲ. “ಹೊಳೆ ನೀರಿಗೆ ದೊಣ್ಣೆ ನಾಯಕನ ಅಪ್ಪಣೆ ಯಾಕೆ?” ಎಂದು ಗಾದೆಯನ್ನೂ ಎಸೆದರು.

ನನಗೆ ಮಾತ್ರ ಕೈಕಾಲು ನಿಲ್ಲಲಿಲ್ಲ. ಕೆಟ್ಟ ಸುದ್ದಿ ಬಂದಿದೆ, ಮನೆಯಲ್ಲಿ ನೋಡಿದರೆ ಕೂಡಿಟ್ಟ ಒಂದು ಹನಿ ನೀರಿಲ್ಲ. ಬುದ್ಧಿ ಬೇಡವೆಂದಿತು, ಶ್ರಾವಣವನ್ನು ನೆನಪಿಸಿತು. ಕೈ ಅದನ್ನು ಕೇಳಿಸಿಕೊಳ್ಳಲೇ ಇಲ್ಲ. ಮರುದಿನ ಅತ್ತೆ ಹೊಳೆಗೆ ಅರಿಸಿನ ಕುಂಕುಮ ಏರಿಸಿ, ಸದ್ದಿಲ್ಲದೆ ಹೋಗು ತಾಯಿ ಎಂದು ಕೇಳಿಕೊಳ್ಳಲು ಹೋದಾಗ, ನಾನು ಓಣಿಯ ಸಿಹಿನೀರಿನ ಬಾವಿಯಿಂದ ಹನ್ನೊಂದೂ ಕೊಡ ತುಂಬಿ, ಬಾಯಿಗೆ ಬಟ್ಟೆ ಕಟ್ಟಿ, ಕೊಟ್ಟಿಗೆಯ ಹುಲ್ಲಿನಡಿ ಮುಚ್ಚಿಟ್ಟೆ.

ಹೊಳೆ ಬಂದದ್ದು ಮೂರನೆಯ ದಿನ, ಹಾಡುಹಗಲಲ್ಲಿ. ನನಗೆ ಅದು ಇವತ್ತಿಗೂ ಸೋಜಿಗ. ಹೊನ್ನಾಳಿಯಲ್ಲಿ ಒಂದು ಹನಿ ಮಳೆಯಿಲ್ಲ, ಹಪ್ಪಳ ಒಣಗಿಸಬಹುದಾದಂಥ ಬಿಸಿಲು. ಆ ಬಿಸಿಲಿನಲ್ಲೇ ಕೆಂಪು ನೀರು ಒಂದೊಂದೇ ಮೆಟ್ಟಿಲು ಹತ್ತಿ ಮೇಲೆ ಬಂತು. ನಮ್ಮ ಜಗಳೂರಿನಲ್ಲಿ ಮೋಡ ಕಟ್ಟಿ, ಗುಡುಗಿ, ಆಸೆ ತೋರಿಸಿ ನೀರು ಬಾರದೆ ಹೋಗುವುದನ್ನು ನೋಡಿದ್ದೆ. ಮೋಡವೇ ಇಲ್ಲದೆ ನೀರು ಮನೆಗೆ ಬರುವುದನ್ನು ಕಂಡು ದೇವರ ಲೆಕ್ಕಪತ್ರದಲ್ಲಿ ಏನೋ ಎಡವಟ್ಟಾಗಿದೆ ಅನ್ನಿಸಿತು.

ಮಧ್ಯಾಹ್ನಕ್ಕೆ ಬಸವಣ್ಣನ ಕೊರಳ ಗಂಟೆ ಮುಳುಗಿತು. ಓಣಿಯಲ್ಲಿ ಗದ್ದಲವೋ ಗದ್ದಲ. ಯಾರೋ ಹೊಲಿಗೆ ಮಿಷನ್ ಹೊತ್ತರು, ಯಾರೋ ಕೋಳಿ ಹಿಡಿಯಲು ಓಡಿದರು. ಸಾಮಾನು ಅಟ್ಟಕ್ಕೇರಿ, ಬೀಗ ಬಿದ್ದು, ತಯಾರಾಗಿ ನಿಂತದ್ದು ಎರಡೇ ಮನೆ: ನಮ್ಮದು ಮತ್ತು ಪಕ್ಕದವಳದು. ಓಣಿಗೆ ಬಂದ ಸಾಹೇಬರು ಇದನ್ನು ನೋಡಿ ಆನಂದಪಟ್ಟು, “ಇವು ನೋಡಿ ಮಾದರಿ ಮನೆಗಳು. ನನ್ನ ಪ್ರಕಟಣೆಯನ್ನು ಸರಿಯಾಗಿ ಅರ್ಥ ಮಾಡಿಕೊಂಡವರು ಇವರಿಬ್ಬರೇ” ಎಂದು ಎಲ್ಲರೆದುರು ಹೊಗಳಿದರು. ಎರಡೂ ಮನೆಯ ಯಜಮಾನ್ತಿಯರು ಬೇರೆ ಬೇರೆ ದಿಕ್ಕಿಗೆ ಮುಖ ತಿರುಗಿಸಿ ನಿಂತರು.

ನಮ್ಮ ಮನೆಯವರು ಬಾಡಿಗೆಗೆ ಎತ್ತಿನ ಗಾಡಿ ತಂದಿದ್ದರು. ಹಾಸಿಗೆ ಏರಿಸಿ ತಿರುಗುವಷ್ಟರಲ್ಲಿ ನಾನು ಹುಲ್ಲು ಸರಿಸಿ ಮೊದಲ ಕೊಡ ಎತ್ತಿ ತಂದೆ. ಗಾಡಿಯವನು ಕೊಡದೊಳಗೆ ಇಣುಕಿ, “ನೀರು ಐತಲ್ರೀ!” ಎಂದು ಕೂಗಿದ. ಅಳುತ್ತಿದ್ದವರೂ ಅಳು ನಿಲ್ಲಿಸಿ ನಗತೊಡಗಿದರು.

ಅತ್ತೆ ನಗಲಿಲ್ಲ. “ಹೊಳೆ ಬಾಗಿಲಿಗೆ ಬಂದೈತೆ, ನೀನು ಗಾಡಿಗೆ ನೀರು ಏರಿಸ್ತೀಯಾ? ಬಿಡು ಅದನ್ನ.”

“ಇವು ಬರದಿದ್ರೆ ನಾನೂ ಬರಲ್ರಿ ಅತ್ತೆಮ್ಮ” ಅಂದೆ. ಆ ಮನೆಯಲ್ಲಿ ನಾನು ದನಿಯೆತ್ತಿ ಆಡಿದ ಮೊದಲ ಮಾತು ಅದು.

“ಬಂತು ನೋಡು ಜಗಳೂರು ಹೊರಗೆ!” ಅಂದರು ಅತ್ತೆ. “ಆತು. ಆಷಾಢಕ್ಕೆ ಹೋಗ್ತೀಯಲ್ಲ, ಈ ಕೊಡಗಳನ್ನೂ ತಗೊಂಡೇ ಹೋಗು.”

ನಮ್ಮ ಮನೆಯವರು ತಾಯಿಯನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಆಮೇಲೆ ಉಳಿದ ಹತ್ತು ಕೊಡಗಳನ್ನು ತಾವೇ ಎತ್ತಿ ಗಾಡಿಗಿಟ್ಟರು. ಪಂಚೆಯೆಲ್ಲ ಒದ್ದೆಯಾಗಿತ್ತು. ಅವರನ್ನು ಮದುವೆಯಾಗಿದ್ದು ಸಾರ್ಥಕ ಅನ್ನಿಸಿದ್ದು ಆವತ್ತು.

ದಿಬ್ಬದ ಶಾಲೆಯಲ್ಲಿ ಓಣಿಯ ಜನವೆಲ್ಲ ಎರಡು ಕೋಣೆಗಳಲ್ಲಿ ತುಂಬಿಕೊಂಡೆವು. ಸಾಹೇಬರು ಎಲ್ಲ ಯೋಚಿಸಿದ್ದರು. ಚಾಪೆ ಇತ್ತು, ಲಾಟೀನು ಇತ್ತು, ಊಟಕ್ಕೆ ಚೀಲಗಟ್ಟಲೆ ಖಾರ ಮಂಡಕ್ಕಿ ಇತ್ತು, ಒಳ್ಳೆಯ ಬ್ಯಾಡಗಿ ಮೆಣಸಿನಪುಡಿ, ಉಪ್ಪು, ಎಣ್ಣೆ ಹಾಕಿ ಕಲಸಿದ್ದು. ಹಸಿದಿದ್ದ ಜನ ಗಬಗಬನೆ ತಿಂದರು. ತಿಂದ ಮೇಲೆ ನೀರು ಹುಡುಕಿದರು. ಶಾಲೆಯ ಅಂಗಳದ ಬೋರಿಂಗಿನ ಹಿಡಿ ಬೇಸಿಗೆಯಲ್ಲೇ ಕಳಚಿಬಿದ್ದಿತ್ತು. ಓಣಿಯ ಬಾವಿ ಹೊಳೆಯೊಳಗಿತ್ತು. ಹೊಳೆಯ ನೀರಿನಲ್ಲಿ ಸತ್ತ ಕರು ತೇಲಿ ಹೋದದ್ದನ್ನು ಎಲ್ಲರೂ ನೋಡಿದ್ದರು. ಕಣ್ಣು ಹಾಯುವಷ್ಟು ದೂರ ನೀರು, ಕುಡಿಯಲು ಒಂದು ಲೋಟವಿಲ್ಲ. ಮಕ್ಕಳು ನಾಲಗೆ ಹೊರಹಾಕಿ “ಹಾ ಹಾ” ಎನ್ನುತ್ತ ಕುಣಿಯತೊಡಗಿದವು. ಆಗ ಒಬ್ಬೊಬ್ಬರೇ ತಿರುಗಿ ಮೂಲೆಯಲ್ಲಿದ್ದ ನನ್ನ ಹನ್ನೊಂದು ಕೊಡಗಳನ್ನು ನೋಡಿದರು.

ನಾನು ಕೊಡದ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದೆ. ಆ ಕ್ಷಣ ನನ್ನ ಮೈಮೇಲೆ ಅಜ್ಜಿಯೇ ಬಂದಿರಬೇಕು. “ಒಬ್ರಿಗೆ ಒಂದು ಲೋಟ. ತುಟಿ ತಾಗಿಸದೆ ಎತ್ತಿ ಕುಡೀರಿ. ಮೊದ್ಲು ಮಕ್ಕಳು, ಆಮೇಲೆ ಮುದುಕ್ರು. ಕೈ ತೊಳೆಯಾಕೆ ಕೊಡಲ್ಲ” ಅಂದೆ. ಜೀವಮಾನವಿಡೀ ಹೊಳೆಯಲ್ಲಿ ಈಜಾಡಿದ ಗಂಡಸರು ಸಾಲಿನಲ್ಲಿ ನಿಂತು, ಎತ್ತಿ ಕುಡಿಯಲು ಬಾರದೆ ಮೂಗಿಗೆ ನೀರು ಹೋಗಿ ಕೆಮ್ಮಿದರು. ಚೆಲ್ಲಿದವರಿಗೆ ನಾನು ಬೈದೆ. ನನಗೆ ತುಂಬ ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಎರಡನೇ ಕೊಡ ಮುಗಿಯುವಷ್ಟರಲ್ಲಿ ಅತ್ತೆ ಬಂದು ನನ್ನ ಕೈಯಿಂದ ಲೋಟ ತೆಗೆದುಕೊಂಡರು. ಬೈಯುತ್ತಾರೆಂದುಕೊಂಡೆ. ಅವರು ಸೆರಗು ಸಿಕ್ಕಿಸಿ ತಾವೇ ಹಂಚತೊಡಗಿದರು. ಯಾರೋ ಹೆಂಗಸು, “ಅಲ್ಲಮ್ಮ, ಇಷ್ಟು ನೀರು ಕೂಡಿಡಾಕೆ ನಿಮಗೆ ಹೆಂಗೆ ಹೊಳೀತು?” ಎಂದು ಕೇಳಿದಳು.

“ನಮ್ಮ ಮನೆ ಪದ್ಧತಿನೇ ಹಂಗೆ” ಅಂದರು ಅತ್ತೆ, ಕಣ್ಣು ಕೂಡ ಮಿಟುಕಿಸದೆ.

ನಾನು ಗೋಡೆ ನೋಡಿಕೊಂಡು ಹಲ್ಲು ಕಚ್ಚಿದೆ. ಪಕ್ಕದ ಮನೆಯಾಕೆ ಮಾತ್ರ ಸಾಲಿನಲ್ಲಿ ನಿಂತಿರಲಿಲ್ಲ. ಆಚೆ ಮೂಲೆಯಲ್ಲಿ ಬಾಯಿ ಒರೆಸಿಕೊಳ್ಳುತ್ತ, ಮಂಡಕ್ಕಿಯ ಖಾರಕ್ಕೆ ಕಣ್ಣಲ್ಲಿ ನೀರು ಸುರಿಸುತ್ತ ಕೂತಿದ್ದಳು. ಅತ್ತೆ ಅವಳತ್ತ ನಾಲ್ಕು ಸಲ ನೋಡಿದರು. ಐದನೆಯ ಸಲ ಲೋಟ ತುಂಬಿ ತಾವೇ ಎದ್ದು ಹೋಗಿ ಅವಳ ಮುಂದೆ ಹಿಡಿದರು. ಅವಳು ಗಟಗಟನೆ ಕುಡಿದು, ಲೋಟ ಕೆಳಗಿಟ್ಟು, ಏಳು ವರ್ಷಗಳ ನಂತರ ಮೊದಲ ಮಾತಾಡಿದಳು.

“ಮಣೆ ಮೊದ್ಲೇ ಮುರಿದಿತ್ತು.”

“ಮುರಿದಿರ್ಲಿಲ್ಲ!” ಅಂದರು ಅತ್ತೆ.

ಅಲ್ಲಿಂದ ಹೊಳೆ ಇಳಿಯುವ ತನಕ ಇಬ್ಬರೂ ಪಕ್ಕಪಕ್ಕ ಕೂತು ಜಗಳವಾಡಿದರು. ಮಧ್ಯೆ ಮಧ್ಯೆ ಎಲೆ ಅಡಿಕೆಯನ್ನೂ ಹಾಕಿಕೊಂಡರು. ನೆರೆ ಎಂದರೆ ನೀನೇ ಅಂದುಕೊಂಡಿದ್ದೆ ಎಂದು ಇಬ್ಬರೂ ಒಪ್ಪಿಕೊಂಡು ನಕ್ಕದ್ದೂ ಆಗಲೇ. ಮೂರನೆಯ ದಿನ ಟ್ಯಾಂಕರು ಬಂದಾಗ ನನ್ನ ಹನ್ನೊಂದನೆಯ ಕೊಡದಲ್ಲಿ ಇನ್ನೂ ಕಾಲು ಭಾಗ ನೀರಿತ್ತು.

ಮನೆಗೆ ಮರಳಿ ಕೆಸರು ಬಳಿದದ್ದೇ ಒಂದು ವಾರ. ಪಕ್ಕದಾಕೆಯೂ ಬಂದು ಬಳಿದಳು. ಕೊಟ್ಟಿಗೆಯ ಗೋಡೆ ಬಿದ್ದಿತ್ತು, ನುಗ್ಗೆ ಗಿಡ ಹೋಗಿತ್ತು, ಅಟ್ಟದ ಸಾಮಾನಿಗೆ ಏನೂ ಆಗಿರಲಿಲ್ಲ. ಓಣಿಯ ಬಾವಿಯ ಕೊಳೆ ನೀರೆತ್ತಿ ತೊಳೆದ ಮೇಲೆ ಹೊಸ ನೀರು ಬಂತು. ಹಳೇ ನೀರಿನ ಬಗ್ಗೆಯಾಗಲಿ ಆಷಾಢದ ಬಗ್ಗೆಯಾಗಲಿ ಅತ್ತೆ ತುಟಿ ಬಿಚ್ಚಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಅಣ್ಣ ಕರೆಯಲು ಬಂದ. ಹೊರಡುವ ದಿನ ಬೆಳಿಗ್ಗೆ ನಾನು ಸೀರೆ ಮಡಚುತ್ತಿದ್ದಾಗ ಅತ್ತೆ ಎಂದಿನಂತೆ ನಿನ್ನೆಯ ಕೊಡಗಳನ್ನು ಎತ್ತಿಕೊಂಡು ಅಂಗಳಕ್ಕೆ ಹೋದರು. ಒಂದನ್ನು ಮಗುಚಿದರು. ಎರಡನ್ನು ಮಗುಚಿದರು. ಮೂರನೆಯದು ನನ್ನ ತವರಿನ ಹಿತ್ತಾಳೆ ಕೊಡ. ಅದನ್ನು ಓರೆ ಮಾಡಿ, ಹಾಗೇ ಹಿಡಿದುಕೊಂಡು ನಿಂತರು. ಆಮೇಲೆ ಒಳಗೆ ತಂದು, ಅಡುಗೆಮನೆಯ ಮೂಲೆಯಲ್ಲಿಟ್ಟು, ಬಾಯಿಗೆ ಬಿಳಿ ಬಟ್ಟೆ ಕಟ್ಟಿದರು.

“ಶ್ರಾವಣ ಹುಟ್ಟಿದ ದಿನ ಕರೆಯಾಕೆ ನಾನೇ ಬರ್ತೀನಿ ಕಣಪ್ಪ” ಎಂದು ಅಣ್ಣನಿಗೆ ಹೇಳಿ, ನನ್ನ ಕಡೆ ತಿರುಗಿದರು. “ಈ ನೀರು ನಾನು ಮುಟ್ಟಲ್ಲ. ನೀನೇ ಬಂದು ಚೆಲ್ಲು.”

ಹೇಳಿದಂತೆ ಬಂದರು. ಬಸ್ಸಿನಲ್ಲಿ ಜಗಳೂರಿನ ತನಕ ಬಂದು, ಅಜ್ಜಿಯ ಕೊಡಗಳ ಸಾಲನ್ನು ನೋಡಿ ಒಂದೊಂದನ್ನೂ ತಟ್ಟಿ, ನನ್ನನ್ನು ಕರೆದುಕೊಂಡು ಹೊರಟರು. ಹೊನ್ನಾಳಿಯ ಮನೆಗೆ ಕಾಲಿಟ್ಟವಳು ಮೊದಲು ಅಡುಗೆಮನೆಗೆ ಹೋಗಿ ಕೊಡದ ಬಾಯಿಯ ಬಟ್ಟೆ ಬಿಚ್ಚಿದೆ. ಒಂದು ತಿಂಗಳ ನೀರು. ಬಟ್ಟೆಯನ್ನೂ ಲೆಕ್ಕಿಸದೆ ಒಳಗೆ ಹುಳುಗಳು ಕುಣಿಯುತ್ತಿದ್ದವು. ಮೂಗು ಮುಚ್ಚಿಕೊಂಡು ಅಂಗಳಕ್ಕೆ ಒಯ್ದು ಮಗುಚಿದೆ. ನಾನು ಹುಟ್ಟಿದಾಗಿನಿಂದ ಮನಸಾರೆ ಚೆಲ್ಲಿದ ಮೊದಲ ನೀರು ಅದು. ಅದು ಬೀದಿಗೆ ಹರಿಯುವುದನ್ನು ನೋಡುತ್ತ ನೋಡುತ್ತ ನನಗೆ ತಡೆಯಲಾಗದಷ್ಟು ಅಳು ಬಂತು.

ಅತ್ತೆ ಬಾಗಿಲಲ್ಲಿ ನಿಂತು ನೋಡಿದರು. ಹತ್ತಿರ ಬಂದು ಖಾಲಿ ಕೊಡವನ್ನು ನನ್ನ ಕೈಯಿಂದ ತೆಗೆದುಕೊಂಡು ಸೊಂಟಕ್ಕೇರಿಸಿಕೊಂಡರು.

“ಒಂದು ಕೊಡ ನೀರಿಗೆ ಯಾರಾದ್ರೂ ಹಿಂಗೆ ಅಳ್ತಾರೇನೇ, ಜಗಳೂರಿನೋಳೇ? ನಡಿ, ತುಂಬ್ಕೊಂಡು ಬರಾನ.”